ಸರ್ ಹೊರೇಸ್ ಪ್ಲಂಕೆಟರ ಜೀವನ ಚರಿತ್ರೆ

ಹಟ್ಟಿಯಲ್ಲಿ ಕರೆಯುವ ಹಸು ಒಂದಿದ್ದರೆ ಬಡವನ ಮನೆಯು ಪೂರ್ಣವಾಗಿ ಬರಿದಾಗಲಾರದೆಂಬದನ್ನು ನಮ್ಮ ವಾಚಕರು ಅನುಭವದಿಂದ ಬಲ್ಲರು. ಹೊಲವು ವರ್ಷಕ್ಕೆ ಒಂದಾವೃತ್ತಿಯೋ ಎರಡಾವೃತ್ತಿಯೋ ಫಲ ಕೊಡುವದು. ಹಸುವಾದರೋ ದಿನಕ್ಕೆ ಎರಡಾವೃತ್ತಿ ಕೊಡುವದು. ಆದರೆ ಹಾಲು ಕಾದಿಟ್ಟುಕೊಳ್ಳಬಹುದಾದ ಪದಾರ್ಥವಲ್ಲ. ಭತ್ತವನ್ನು ಕಣಜದಲ್ಲಿಟ್ಟು ಬೆಲೆ ಏರುವ ತನಕ ಕಾಯಬಹುದು. ಬೆಳಿಗ್ಗೆ ಕರೆದ ಹಾಲನ್ನು ಸಂಜೆಯ ತನಕ ಇಡುವದೂ ಕಷ್ಟ. ಆದಕಾರಣ ಕೊಳ್ಳುವವನು ಹೇಳಿದ ಬೆಲೆಯನ್ನೇ ಮಾರುವವನು ಒಪ್ಪಬೇಕಾಗುವದು. ದುಡಿಮೆಯು ಒಬ್ಬನದೂ ಲಾಭವು ಇನ್ನೊಬ್ಬನದೂ ಆಗುವದು. ಈ ತೊಡಕನ್ನು ಬಿಡಿಸಿ, ಹಾಲಿನಿಂದಲೇ ಹಳ್ಳಿಯವರಿಗೆ ತಮ್ಮ ಊರಲ್ಲಿ ಜೀವನಮಾರ್ಗವಾಗುವಂತೆ ಮಾಡಬೇಕೆಂದು ನಲ್ವತ್ತಕ್ಕೂ ಹೆಚ್ಚು ವರ್ಷ ಕಷ್ಟಪಟ್ಟ ಒಬ್ಬ ಸತ್ಪುರುಷರ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ.

ಅವರ ದೇಶವು ಐರ್ಲೆಂಡು. ಇದು ಇಂಗ್ಲೆಂಡಿನ ಪಡುವಣ ದಿಕ್ಕಿನಲ್ಲಿರುವ ದ್ವೀಪವು. ಅಲ್ಲಿ ವರ್ಷವಿಡೀ ಮಳೆ ಬೀಳುತ್ತಿರುವದರಿಂದ ನೆಲವು ಸದಾ ಹಸುರಾಗಿರುವದು. ದನ ಸಾಕುವದಕ್ಕೆ ಬಹಳ ತಕ್ಕ ಸೀಮೆ. ಹೀಗಿದ್ದರೂ ಹತ್ತೊಂಭತ್ತನೆಯ ಶತಮಾನದಲ್ಲಿ ಆ ದೇಶದ ಒಕ್ಕಲುಗಳು ಬಹು ದೈನ್ಯದಿಂದ ಬಾಳುತ್ತಿದ್ದರು. ಭೂಮಿಯು ಧಣಿಗಳದು, ಗೇಣಿಯ ಹೊರೆಯು ಒಕ್ಕಲುಗಳದು. ಧಣಿಗಳಲ್ಲಿ ಹೆಚ್ಚಿನವರು ಪ್ರೊಟೆಸ್ಟಂಟರು, ಒಕ್ಕಲುಗಳಲ್ಲಿ ಹೆಚ್ಚಿನವರು ರೋಮನ್ ಕಥೋಲಿಕರು. ಹೀಗೆ ಹೊಟ್ಟೆಯ ವೈರಕ್ಕೆ ಮತದ ವೈರವೂ ಕೂಡಿಕೊಂಡಿತ್ತು. ೧೮೪೫ರಿಂದ ಬಟಾಟೆಯ ಬೆಳೆಯು ರೋಗ ತಗಲಿ ಕೊಳೆತುಹೋದಾಗ ಘೋರವಾದ ಬರ ಬಂದು ಸುಮಾರು ೧೦ ಲಕ್ಷ ಜನರು ಸತ್ತರು; ಅಷ್ಟೇ ಜನರು, ಇಲ್ಲವೆ ಅದಕ್ಕೂ ಹೆಚ್ಚು ಜನರು, ಹಡಗು ಹತ್ತಿ ಪರದೇಶಕ್ಕೆ ಹೋದರು. ಬರವು ತೀರಿದ ಮೇಲೆಯೂ ಹೋಗುವವರ ಸಾಲು ನಿಲ್ಲಲಿಲ್ಲ. ೧೮೪೧ರಲ್ಲಿ ೮೧ ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆಯು ೧೮೯೧ರಲ್ಲಿ ೪೭ ಲಕ್ಷಕ್ಕೆ ಇಳಿದಿತ್ತು.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಅನೇಕ ಧಣಿಗಳು ಉಳುವ ಹೊಲಗಳನ್ನು ಹುಲ್ಲುಗಾವಲಾಗಿ ಮಾಡಿ ಮಾಂಸಕ್ಕಾಗಿ ದನಗಳನ್ನು ಮೇಯಿಸತೊಡಗಿದರು. ಅಂಥ ದೊಡ್ಡ ಮಂದೆಗೆ ಒಬ್ಬ ದನ ಕಾಯುವವನೂ ಒಂದು ನಾಯಿಯೂ ಸಾಕು. ಕರೆಯುವ ಹಸುವಿನ ಮಾತು ಹಾಗಲ್ಲ. ಅದಕ್ಕೆ ಮೇವು ಹಾಕಬೇಕು, ಕೊಟ್ಟಿಗೆ ಗುಡಿಸಬೇಕು, ಎರಡು ಹೊತ್ತೂ ಕರೆಯಬೇಕು, ಕರುವನ್ನು ಸಾಕಬೇಕು, ಹಾಲನ್ನು ಕಡೆದು ಬೆಣ್ಣೆ ಮಾಡಬೇಕು. ಮಾಂಸದ ದನವು ಹಳ್ಳಿಯನ್ನು ಬರಿದು ಮಾಡುವದು, ಹಾಲಿನ ದನವು ಹಳ್ಳಿಗೆ ಕೆಲಸ ಕೊಡುವದು ಎಂಬ ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟರೆ ಮುಂದಿನ ಸಂಗತಿಗಳು ಸುಲಭವಾಗಿ ತಿಳಿಯುವವು.

ಹೊರೇಸ್ ಪ್ಲಂಕೆಟರು ೧೮೫೪ನೇ ಇಸವಿ ಅಕ್ಟೋಬರ್ ೨೪ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. ಅವರ ತಂದೆಯು ಡನ್ಸೇನಿಯ ಪ್ರಭು; ಐರ್ಲೆಂಡಿನ ಮೀತ್ ಪ್ರಾಂತ್ಯದಲ್ಲಿ ಕೋಟೆಯೂ ಜಮೀನೂ ಉಳ್ಳ ಪ್ರೊಟೆಸ್ಟಂಟ್ ಮನೆತನ. ತಾಯಿಯು ಇವರು ಚಿಕ್ಕ ಹುಡುಗನಾಗಿರುವಾಗಲೇ ತೀರಿಕೊಂಡಳು. ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ವಿದ್ಯೆಯನ್ನು ತೀರಿಸಿ ಊರಿಗೆ ಬಂದ ಕೂಡಲೇ, ೧೮೭೮ರಲ್ಲಿ, ಡನ್ಸೇನಿಯಲ್ಲಿ ಬಡವರಿಗೋಸ್ಕರ ಒಂದು ಸಹಕಾರಿ ಅಂಗಡಿಯನ್ನು ತೆರೆದರು. ಆದರೆ ದೇಹವು ದುರ್ಬಲವಾಗಿತ್ತು. ಕ್ಷಯದ ಭಯವಿದ್ದದರಿಂದ ೧೮೭೯ರಲ್ಲಿ ಒಣ ಹವೆಯನ್ನು ಹುಡುಕಿಕೊಂಡು ಅಮೇರಿಕದ ವಯೋಮಿಂಗ್ ಸೀಮೆಗೆ ಹೋದರು.

ಅಲ್ಲಿ ಹತ್ತು ವರ್ಷ ಅವರು ಮಾಡಿದ ಕೆಲಸವು ಮಾಂಸದ ದನಗಳ ಮಂದೆಯನ್ನು ಮೇಯಿಸುವದೇ. ಕೊನೆ ಕಾಣದ ಬಯಲು, ಕುದುರೆ ಸವಾರಿ, ಕೊರೆಯುವ ಚಳಿ; ಇವುಗಳಲ್ಲಿ ಅವರ ಶರೀರವು ಸ್ವಲ್ಪ ಬಲಗೊಂಡಿತು, ವ್ಯಾಪಾರದ ಜ್ಞಾನವೂ ಬಂತು. ೧೮೮೬-೮೭ರ ಚಳಿಗಾಲದಲ್ಲಿ ಹಿಮವು ಬಿದ್ದು ಆ ಬಯಲಿನ ದನಗಳು ಲೆಕ್ಕವಿಲ್ಲದೆ ಸತ್ತು ಅನೇಕ ಯಜಮಾನರು ಹಾಳಾದದ್ದನ್ನು ಅವರು ಕಂಡರು. ೧೮೮೯ರಲ್ಲಿ ತಂದೆಯು ತೀರಿಕೊಂಡಾಗ ಅವರು ಐರ್ಲೆಂಡಿಗೆ ಹಿಂತಿರುಗಿದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಹೆಂಡತಿ ಮಕ್ಕಳಿರಲಿಲ್ಲ, ಮುಂದೆಯೂ ಮದುವೆಯಾಗಲಿಲ್ಲ. ಊಟಕ್ಕೆ ಬಟ್ಟೆಗೆ ಕೊರತೆಯಿರಲಿಲ್ಲ. ಸುಖವಾಗಿ ಕಾಲ ಕಳೆಯಬಹುದಾಗಿದ್ದ ಈ ಧಣಿಯ ಮಗನು ಒಕ್ಕಲುಗಳ ಹಾಲಿನ ವಿಚಾರವನ್ನು ಕೈಗೆತ್ತಿಕೊಂಡನೆಂಬದೇ ಆಶ್ಚರ್ಯವು.

ಆ ಕಾಲದಲ್ಲಿ ಐರ್ಲೆಂಡಿನ ಬೆಣ್ಣೆಗೆ ಕಷ್ಟಕಾಲ ಬಂದಿತ್ತು. ಹಿಂದೆ ಕಾರ್ಕ್ ಪಟ್ಟಣದ ಬೆಣ್ಣೆಯ ಸಂತೆಯು ಲೋಕಪ್ರಸಿದ್ಧವಾಗಿತ್ತು. ಪ್ರತಿಯೊಂದು ಮನೆಯಲ್ಲಿ ಹೆಂಗಸರು ಹಾಲನ್ನು ಅಗಲವಾದ ಪಾತ್ರೆಗಳಲ್ಲಿ ಹೊಯ್ದು, ಕೆನೆಯು ತಾನಾಗಿ ಮೇಲೆ ಬರುವ ತನಕ ಇಟ್ಟು, ಅದನ್ನು ಕಡೆದು, ಉಪ್ಪು ಬೆರಸಿ, ಮರದ ಪೀಪಾಯಿಗಳಲ್ಲಿ ತುಂಬುತ್ತಿದ್ದರು. ಒಂದು ಮನೆಯ ಬೆಣ್ಣೆಯು ಒಂದು ರುಚಿ, ಇನ್ನೊಂದು ಮನೆಯದು ಇನ್ನೊಂದು ರುಚಿ. ಒಂದು ಶುದ್ಧ, ಒಂದು ಕೊಳಕು. ಅಷ್ಟರಲ್ಲಿ ೧೮೭೮ರಲ್ಲಿ ಸ್ವೀಡನ್ ದೇಶದ ಗುಸ್ತಾಫ್ ದ ಲವಾಲ್ ಎಂಬವರು ಹಾಲನ್ನು ವೇಗವಾಗಿ ತಿರುಗಿಸಿ ಕೆನೆಯನ್ನು ಕೂಡಲೇ ಬೇರೆ ಮಾಡುವ ಯಂತ್ರವನ್ನು ಕಂಡುಹಿಡಿದರು. ಡೆನ್ಮಾರ್ಕಿನ ರೈತರು ಈ ಯಂತ್ರವನ್ನು ಒಟ್ಟಾಗಿ ಕೊಂಡು, ೧೮೮೨ರಲ್ಲಿ ಹ್ಯೆಡಿಂಗ್ ಎಂಬ ಹಳ್ಳಿಯಲ್ಲಿ ತಮ್ಮದೇ ಆದ ಬೆಣ್ಣೆಯ ಕಾರ್ಖಾನೆಯನ್ನು ಸ್ಥಾಪಿಸಿದರು. ಕೆಲವೇ ವರ್ಷಗಳಲ್ಲಿ ಅಂಥವು ದೇಶವೆಲ್ಲಾ ಹಬ್ಬಿದವು. ಯಾವಾಗ ಕೊಂಡರೂ ಒಂದೇ ತರದ ಶುದ್ಧವಾದ ಬೆಣ್ಣೆಯು ಡೆನ್ಮಾರ್ಕಿನಿಂದ ಬರುವದನ್ನು ಕಂಡು ಇಂಗ್ಲೆಂಡಿನ ವರ್ತಕರು ಐರ್ಲೆಂಡಿನ ಬೆಣ್ಣೆಯನ್ನು ಬಿಟ್ಟುಬಿಡುವವರಾದರು. ಐರ್ಲೆಂಡಿನಲ್ಲಿಯೂ ಹಣವುಳ್ಳ ಕೆಲವರು ಯಂತ್ರಗಳನ್ನು ತಂದು ಕಾರ್ಖಾನೆ ಕಟ್ಟಿದರು. ಆದರೆ ಲಾಭವು ಅವರದಾಯಿತೇ ಹೊರತು ಹಾಲು ತಂದವರದಾಗಲಿಲ್ಲ.

ಪ್ಲಂಕೆಟರ ಉಪಾಯವು ಬಹಳ ಸರಳವಾಗಿತ್ತು. ಒಂದು ಸೀಮೆಯ ಹಸುಗಳ ಒಡೆಯರೆಲ್ಲರೂ ತಮ್ಮ ಶಕ್ತ್ಯನುಸಾರ ಪಾಲುಗಳನ್ನು ಕೊಂಡು ಕಾರ್ಖಾನೆಯನ್ನು ತಾವೇ ಕಟ್ಟಬೇಕು. ಹೆಚ್ಚು ಪಾಲುಳ್ಳವನಿಗೂ ಕಡಿಮೆ ಪಾಲುಳ್ಳವನಿಗೂ ಒಂದೇ ಮತ. ತಾವು ಆರಿಸಿದ ಮಂಡಲಿಯು ಮೇನೇಜರನನ್ನು ನೇಮಿಸಬೇಕು. ಪ್ರತಿ ಬೆಳಿಗ್ಗೆ ಹಾಲನ್ನು ತೂಗಿ, ಅದರಲ್ಲಿರುವ ಜಿಡ್ಡನ್ನು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಬೆಲೆ ಕೊಡಬೇಕು. ಆಗ ನೀರು ಬೆರಸಿದವನಿಗೆ ಲಾಭವಾಗದು. ಕೆನೆ ತೆಗೆದ ಹಾಲನ್ನು ಕರುಗಳಿಗೂ ಹಂದಿಗಳಿಗೂ ಹಾಕುವದಕ್ಕಾಗಿ ತಿರುಗಿ ಕೊಡಬೇಕು. ಹಾಕಿದ ಹಣಕ್ಕೆ ಮಿತವಾದ ಬಡ್ಡಿ ಮಾತ್ರ; ಉಳಿದ ಲಾಭವು ಹಾಲು ತಂದವರಿಗೆ ಅವರವರ ಹಾಲಿನ ಪ್ರಕಾರ ಸಲ್ಲಬೇಕು.

ಉಪಾಯವು ಸರಳವಾದರೂ ಜನರನ್ನು ಒಪ್ಪಿಸುವದು ಸರಳವಾಗಿರಲಿಲ್ಲ. ಪ್ಲಂಕೆಟರು ನಾಚಿಕೆಯ ಸ್ವಭಾವದವರು. ಸಭೆಯಲ್ಲಿ ಮಾತಾಡುವದು ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ. ಕೇಳುವವರಿಗೋ, ಧಣಿಯ ಮಗನೂ ಪ್ರೊಟೆಸ್ಟಂಟನೂ ಆದ ಈ ಮನುಷ್ಯನು ನಮ್ಮ ಹಿತವನ್ನು ಯಾಕೆ ಬಯಸಿಯಾನೆಂಬ ಸಂಶಯ. ಬೆಣ್ಣೆಯ ದಲ್ಲಾಳಿಗಳೂ ಸಾಲ ಕೊಡುವ ಅಂಗಡಿಯವರೂ ಈ ಸಂಶಯಕ್ಕೆ ಎಣ್ಣೆ ಹೊಯ್ದರು. ಐವತ್ತು ಸಭೆಗಳು ನಡೆದ ಮೇಲೆಯೂ ಕಾರ್ಯವು ಮುಂದುವರಿಯಲಿಲ್ಲವೆಂದು ಅವರೇ ಮುಂದೆ ಬರೆದಿಟ್ಟಿದ್ದಾರೆ. ರಾತ್‌ಕೀಲ್ ಎಂಬ ಊರಿನ ಸಭೆಯಲ್ಲಿ ಎಲ್ಲವೂ ಒಪ್ಪಿಗೆಯಾಗುವಂತಿದ್ದಾಗ ಒಬ್ಬ ವಕೀಲನು ಎದ್ದು, ನಮ್ಮ ಊರು ಸ್ವರಾಜ್ಯ ಪಕ್ಷದ ಊರು, ಇಲ್ಲಿ ಮಾಡುವ ಬೆಣ್ಣೆಯ ಒಂದೊಂದು ರಾತಲೂ ಆ ಪಕ್ಷದ ತತ್ವಾನುಸಾರವಾಗಿಯೇ ಆಗಬೇಕು, ಇಲ್ಲವಾದರೆ ಬೆಣ್ಣೆಯೇ ಬೇಡವೆಂದು ಹೇಳಿ ಸಭೆಯನ್ನು ಕೆಡಿಸಿಬಿಟ್ಟನಂತೆ. ಇದನ್ನು ಓದಿ ನಾವು ನಗಬಹುದು. ಆದರೆ ನಮ್ಮ ಊರುಗಳ ಪಂಚಾಯತಿಗಳಲ್ಲಿ ಇಂಥ ಮಾತು ಹುಟ್ಟುವದೇ ಇಲ್ಲವೆಂದು ನಾವು ಹೇಳಬಲ್ಲೆವೋ?

ಆದರೂ ೧೮೮೯ರಲ್ಲಿಯೇ ಲಿಮೆರಿಕ್ ಪ್ರಾಂತ್ಯದ ಡ್ರಂಕಾಲಹರ್ ಎಂಬ ಸ್ಥಳದಲ್ಲಿ ಮೊದಲನೆಯ ಸಹಕಾರಿ ಕಾರ್ಖಾನೆಯು ಎದ್ದಿತು. ಅದರ ಸದಸ್ಯರಿಗೆ ಹಾಲಿನ ಬೆಲೆಯು ಕ್ರಮವಾಗಿ ಕೈಸೇರುವದನ್ನು ನೆರೆಯವರು ಕಂಡರು. ಭಾಷಣಗಳಿಂದ ಆಗದ ಕೆಲಸವು ಕಣ್ಣಾರೆ ಕಂಡದ್ದರಿಂದ ಆಗತೊಡಗಿತು. ಹೊಲದಿಂದ ಹೊಲಕ್ಕೆ ಹಬ್ಬುವ ಬಳ್ಳಿಯಂತೆ ಈ ಸಂಘಗಳು ಮನ್‌ಸ್ಟರ್ ಸೀಮೆಯಲ್ಲಿ ಮೆಲ್ಲನೆ ಹಬ್ಬಿದವು. ೧೮೯೪ರಲ್ಲಿ ಇವೆಲ್ಲವನ್ನೂ ಕೂಡಿಸಿ ನಡಿಸುವದಕ್ಕಾಗಿ ಐರ್ಲೆಂಡಿನ ಕೃಷಿ ಸಂಘಟನಾ ಸಂಘವು ಡಬ್ಲಿನಿನಲ್ಲಿ ಸ್ಥಾಪಿತವಾಯಿತು. ಪ್ಲಂಕೆಟರು ಅದಕ್ಕೆ ಅಧ್ಯಕ್ಷರಾಗಿ ಸ್ವಂತ ಹಣವನ್ನೂ ಧಾರಾಳವಾಗಿ ಕೊಟ್ಟರು.

ಅವರು ಆರಿಸಿಕೊಂಡ ಜೊತೆಗೆಲಸದವರನ್ನು ನೋಡಿದರೆ ಅವರ ಮನಸ್ಸು ತಿಳಿಯುವದು. ಕಾರ್ಯದರ್ಶಿಯಾಗಿ ಊರೂರು ಅಲೆದವರು ಆಂಡರ್ಸನ್ ಎಂಬ ತರುಣರು. ಬಲಗೈಯಾಗಿ ನಿಂತವರು ಫಿನ್‌ಲೇ ಎಂಬ ಕಥೋಲಿಕ ಪಾದ್ರಿ, ಯೇಸುಸಭೆಯವರು. ೧೮೯೭ರಲ್ಲಿ ಬಟ್ಟೆ ಅಂಗಡಿಯ ಗುಮಾಸ್ತರಾಗಿದ್ದ ಜಾರ್ಜ್ ರಸೆಲ್ ಎಂಬ ಕವಿಯನ್ನು ಕರೆತಂದು, ಸೈಕಲ್ ಹತ್ತಿಸಿ, ಪಡುವಣ ಕರಾವಳಿಯ ಕಡುಬಡವರ ನಡುವೆ ಸಾಲದ ಸಂಘಗಳನ್ನು ಸ್ಥಾಪಿಸುವದಕ್ಕೆ ಕಳುಹಿಸಿದರು. ಕವಿಯು ಲೆಕ್ಕದ ಪುಸ್ತಕ ಹಿಡಿದು ಏನು ಮಾಡಿಯಾನೆಂದು ಜನರು ನಕ್ಕಿರಬಹುದು. ರಸೆಲರಾದರೋ ಮುಂದೆ ಆ ಸಂಘದ ಪತ್ರಿಕೆಗೆ ಸಂಪಾದಕರಾಗಿ ಅನೇಕ ವರ್ಷ ದುಡಿದರು. ಹೀಗೆ ಪ್ರೊಟೆಸ್ಟಂಟನೂ ಕಥೋಲಿಕನೂ, ರಾಜಪಕ್ಷದವನೂ ಸ್ವರಾಜ್ಯ ಪಕ್ಷದವನೂ ಒಂದೇ ಮೇಜಿನ ಸುತ್ತಲೂ ಕೂತು ಹಾಲಿನ ಲೆಕ್ಕವನ್ನು ನೋಡಿದರು. ೧೯೧೪ರ ವೇಳೆಗೆ ಎಲ್ಲಾ ಬಗೆಯ ಸಹಕಾರಿ ಸಂಘಗಳು ಸುಮಾರು ೧,೦೦೦ ಆಗಿದ್ದವು. ಅವುಗಳಲ್ಲಿ ೩೦೦ಕ್ಕೂ ಮಿಕ್ಕಿ ಬೆಣ್ಣೆಯ ಕಾರ್ಖಾನೆಗಳು.

ಇದರಿಂದ ಹಳ್ಳಿಗೆ ಯಾವ ಕೆಲಸವು ದೊರೆಯಿತೆಂದು ಕೇಳಿದರೆ, ಮೊದಲನೆಯದು ಮನೆಯೊಳಗಿನ ಕೆಲಸವೇ. ಎರಡು ಮೂರು ಹಸುಗಳುಳ್ಳ ಸಣ್ಣ ಒಕ್ಕಲಿಗೂ ಹಾಲಿನ ಹಣವು ತಿಂಗಳು ತಿಂಗಳಿಗೆ ಬರುವಂತಾದಾಗ ಹಸುಗಳನ್ನು ಮಾರಿ ಹಡಗು ಹತ್ತುವ ಅವಸರವು ಅಷ್ಟರಮಟ್ಟಿಗೆ ತಗ್ಗಿತು. ಎರಡನೆಯದು ಕಾರ್ಖಾನೆಯ ಕೆಲಸ: ಮೇನೇಜರನು, ಉಗಿಯಂತ್ರ ನಡಿಸುವವನು, ಬೆಣ್ಣೆ ಮಾಡುವ ಹುಡುಗಿಯರು. ಮೂರನೆಯದು ಹೊರಗಿನ ಕೆಲಸ: ಹಾಲಿನ ಗಾಡಿ ಹೊಡೆಯುವವನು, ಪೆಟ್ಟಿಗೆ ಪೀಪಾಯಿಗಳ ಬಡಗಿ, ಕಮ್ಮಾರನು. ಕೆನೆ ತೆಗೆದ ಹಾಲಿನಿಂದ ಕರುಗಳೂ ಹಂದಿಗಳೂ ಬೆಳೆದದ್ದು ಇನ್ನೊಂದು ಲಾಭ. ಸಂಘದ ಮುಖಾಂತರ ಒಳ್ಳೇ ಬೀಜವನ್ನೂ ಗೊಬ್ಬರವನ್ನೂ ನ್ಯಾಯವಾದ ಬೆಲೆಗೆ ತರಿಸಿಕೊಳ್ಳುವದನ್ನೂ ಜನರು ಕಲಿತರು.

ಸತ್ಯವನ್ನು ಹೇಳಬೇಕಾದರೆ ಕೊರತೆಗಳನ್ನೂ ಹೇಳಬೇಕು. ಮನೆಯಲ್ಲಿ ಬೆಣ್ಣೆ ಮಾಡುವದು ಹೆಂಗಸರ ಕೈಕೆಲಸವಾಗಿತ್ತು, ಆ ಹಣವು ಅನೇಕ ಮನೆಗಳಲ್ಲಿ ಅವರ ಕೈಗೇ ಬರುತ್ತಿತ್ತು. ಹಾಲು ಕಾರ್ಖಾನೆಗೆ ಹೋದ ಮೇಲೆ ಕಡೆಯುವ ಶ್ರಮವು ತಪ್ಪಿತು ನಿಜ. ಆದರೆ ಸಂಘದ ಪುಸ್ತಕದಲ್ಲಿ ಗಂಡನ ಹೆಸರಿದ್ದದರಿಂದ ಹಣವು ಗಂಡನ ಕೈಗೆ ಹೋಯಿತು. ಕಾರ್ಖಾನೆಯಲ್ಲಿ ಹತ್ತು ಹುಡುಗಿಯರಿಗೆ ಕೆಲಸ ಸಿಕ್ಕಿದರೆ ಮನೆಗಳಲ್ಲಿ ನೂರು ಹೆಂಗಸರ ಕೈ ಬರಿದಾಯಿತೆಂದರೆ ಅನ್ಯಾಯದ ಮಾತಾಗದು. ಈ ಕೊರತೆಯನ್ನು ಕಂಡು ೧೯೧೦ರಲ್ಲಿ ಸಹಕಾರದ ಮಿತ್ರರು ಐರ್ಲೆಂಡಿನ ಸ್ತ್ರೀಯರ ಒಂದು ಸಂಘವನ್ನು ಸ್ಥಾಪಿಸಿದರು. ಅದು ಇಂದಿಗೂ ಬೇರೆ ಹೆಸರಿನಿಂದ ನಡೆಯುತ್ತಿದೆ. ಎರಡನೆಯ ಕೊರತೆ, ಚಳಿಗಾಲದಲ್ಲಿ ಹುಲ್ಲು ನಿಂತಾಗ ಹಾಲೂ ನಿಲ್ಲುತ್ತಿತ್ತು. ಡೆನ್ಮಾರ್ಕಿನವರು ಮೇವನ್ನು ಬೆಳೆದಿಟ್ಟು ಚಳಿಗಾಲದಲ್ಲಿಯೂ ಹಾಲು ಕರೆದರು. ಐರ್ಲೆಂಡಿನವರು ಇದನ್ನು ಮಾಡದ್ದರಿಂದ ಕಾರ್ಖಾನೆಗಳಲ್ಲಿ ಕೆಲಸವು ವರ್ಷದ ಕೆಲವು ತಿಂಗಳು ಮಾತ್ರ ತುಂಬಿರುತ್ತಿತ್ತು. ಪರದೇಶಕ್ಕೆ ಹೋಗುವವರ ಸಾಲೂ ಪೂರ್ಣವಾಗಿ ನಿಲ್ಲಲಿಲ್ಲ. ಒಂದು ಒಳ್ಳೇ ಉಪಾಯವು ಎಲ್ಲಾ ದುಃಖಗಳಿಗೂ ಮದ್ದಾಗದೆಂಬದು ಇದರಿಂದ ತಿಳಿಯುವದು.

ಪ್ಲಂಕೆಟರು ೧೮೯೨ರಿಂದ ದಕ್ಷಿಣ ಡಬ್ಲಿನಿನ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದರು. ಎಲ್ಲಾ ಪಕ್ಷಗಳವರನ್ನೂ ಕೂಡಿಸಿ ದೇಶದ ವ್ಯವಸಾಯದ ವಿಷಯದಲ್ಲಿ ಆಲೋಚನೆ ಮಾಡಿಸಿದರು. ಅದರ ಫಲವಾಗಿ ೧೮೯೯ರ ಕಾಯಿದೆಯಿಂದ ಐರ್ಲೆಂಡಿಗೆ ಪ್ರತ್ಯೇಕವಾದ ಕೃಷಿ ಇಲಾಖೆಯು ಹುಟ್ಟಿತು. ಅದರ ಮುಖ್ಯಸ್ಥರಾಗಿ ಅವರು ಕಾರ್ಯದರ್ಶಿಯ ಸ್ಥಾನಕ್ಕೆ ಯೋಗ್ಯನೆಂದು ಕಂಡ ಸ್ವರಾಜ್ಯ ಪಕ್ಷದವರೊಬ್ಬರನ್ನು ನೇಮಿಸಿದರು. ಇದರಿಂದ ಅವರ ಸ್ವಂತ ಪಕ್ಷದವರೇ ಕೋಪಗೊಂಡು, ೧೯೦೦ರ ಚುನಾವಣೆಯಲ್ಲಿ ತಮ್ಮವನೊಬ್ಬನನ್ನು ಎದುರಾಗಿ ನಿಲ್ಲಿಸಿ ಅವರನ್ನು ಸೋಲಿಸಿದರು. ೧೯೦೪ರಲ್ಲಿ ದೇಶದ ಸ್ಥಿತಿಯ ಕುರಿತು ಅವರು ಪುಸ್ತಕವೊಂದನ್ನು ಬರೆದರು. ಅದರಲ್ಲಿ ಕಥೋಲಿಕ ಸಭೆಯ ಪ್ರಭಾವದಿಂದ ಜನರ ಉದ್ಯೋಗಶೀಲತೆಯು ಕುಂದಿತೆಂಬ ಅಭಿಪ್ರಾಯವಿದ್ದದರಿಂದ ಕಥೋಲಿಕರು ಬಹಳ ನೊಂದರು. ಜನರ ನಂಬಿಕೆಯ ಮೇಲೆಯೇ ಕಟ್ಟಬೇಕಾದ ಕೆಲಸದಲ್ಲಿ ಇಂಥ ಮಾತು ಬಾರದಿದ್ದರೆ ಚೆನ್ನಾಗಿತ್ತೆಂದು ನಮಗೆ ತೋರುವದು. ೧೯೦೭ರಲ್ಲಿ ಸ್ವರಾಜ್ಯ ಪಕ್ಷದವರ ಒತ್ತಾಯದಿಂದ ಅವರು ಇಲಾಖೆಯನ್ನೂ ಬಿಡಬೇಕಾಯಿತು. ಎರಡು ಕಡೆಯವರೂ ನಮ್ಮವನಲ್ಲವೆಂದ ಮನುಷ್ಯನು ಸಿಟ್ಟಿನಿಂದ ದೇಶ ಬಿಟ್ಟು ಹೋಗಬಹುದಾಗಿತ್ತು. ಇವರಾದರೋ ಹಾಲಿನ ಸಂಘಗಳ ಕೆಲಸಕ್ಕೆ ಹಿಂತಿರುಗಿದರು.

ಇದಕ್ಕಿಂತ ಕಠಿಣವಾದ ಪರೀಕ್ಷೆಯು ಮುಂದೆ ಕಾದಿತ್ತು. ಐರ್ಲೆಂಡಿನವರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರೊಂದಿಗೆ ಹೋರಾಡುತ್ತಿದ್ದ ೧೯೨೦ನೇ ಇಸವಿಯಲ್ಲಿ, ಸಿಪಾಯಿಗಳ ಮೇಲೆಯೂ ಪೋಲೀಸರ ಮೇಲೆಯೂ ಹಲ್ಲೆಯಾದ ಊರುಗಳಲ್ಲಿ ಸರಕಾರದ ಪಡೆಗಳವರು ಸೇಡಿಗಾಗಿ ಬೆಣ್ಣೆಯ ಕಾರ್ಖಾನೆಗಳನ್ನು ಸುಡತೊಡಗಿದರು. ಸ್ಲೈಗೋ ಪ್ರಾಂತ್ಯದ ಟಬರ್‌ಕರಿಯ ಕಾರ್ಖಾನೆಯು ಹಾಗೆಯೇ ಬೂದಿಯಾಯಿತು, ಇಂಥವು ಹತ್ತಾರು. ಒಂದು ಕಾರ್ಖಾನೆ ಸುಟ್ಟರೆ ಸುತ್ತಣ ನೂರಾರು ಮನೆಗಳ ಜೀವನಕ್ಕೆ ಪೆಟ್ಟು ಬೀಳುವದೆಂಬದು ಸುಟ್ಟವರಿಗೆ ತಿಳಿದೇ ಇತ್ತು. ಮೂವತ್ತು ವರ್ಷಗಳಲ್ಲಿ ಕಟ್ಟಿದ್ದು ಒಂದೊಂದು ರಾತ್ರಿಯಲ್ಲಿ ಹೋಗುವದನ್ನು ಪ್ಲಂಕೆಟರು ಕಂಡರು. ಅವರು ಬಹಿರಂಗವಾಗಿ ಪ್ರತಿಭಟಿಸಿ, ವಿಚಾರಣೆಯಾಗಬೇಕೆಂದು ಸರಕಾರವನ್ನು ಬೇಡಿದರು.

ದೇಶವು ಸ್ವತಂತ್ರವಾದಾಗ, ೧೯೨೨ರಲ್ಲಿ, ಹೊಸ ಸರಕಾರವು ಅವರನ್ನು ಸೆನೆಟಿನ ಸದಸ್ಯರನ್ನಾಗಿ ನೇಮಿಸಿತು. ಆದರೆ ಆಗ ದೇಶದವರಲ್ಲಿಯೇ ಅಂತಃಕಲಹವು ಹುಟ್ಟಿತ್ತು. ಸೆನೆಟಿನವರ ಮನೆಗಳನ್ನು ಸುಡುತ್ತಿದ್ದ ಪಕ್ಷದವರು ೧೯೨೩ರ ಜನವರಿಯಲ್ಲಿ, ಅವರು ಅಮೇರಿಕದಲ್ಲಿದ್ದಾಗ, ಡಬ್ಲಿನಿನ ಹತ್ತಿರದ ಫಾಕ್ಸ್‌ರಾಕಿನಲ್ಲಿದ್ದ ಅವರ ಮನೆಯನ್ನು ಸುಟ್ಟುಹಾಕಿದರು. ಎಲ್ಲಾ ಪಕ್ಷದವರೂ ಒಟ್ಟಾಗಿ ಕೂತು ಮಾತಾಡುವದಕ್ಕೆ ಸ್ಥಳವಿರಲೆಂದು ಅವರು ತೆರೆದಿಟ್ಟಿದ್ದ ಮನೆಯದು. ಹೀಗೆ ಕಾರ್ಖಾನೆಗಳನ್ನು ಒಂದು ಕಡೆಯವರೂ ಮನೆಯನ್ನು ಇನ್ನೊಂದು ಕಡೆಯವರೂ ಸುಟ್ಟರು. ಅರುವತ್ತೆಂಟು ವರ್ಷದ ಮುದುಕನು ಇಂಗ್ಲೆಂಡಿನ ವೇಬ್ರಿಜ್ ಎಂಬಲ್ಲಿ ಬಿಡಾರ ಮಾಡಬೇಕಾಯಿತು. ಅಲ್ಲಿಯೂ ಸುಮ್ಮನಿರಲಿಲ್ಲ. ೧೯೧೯ರಲ್ಲಿ ತಮ್ಮ ಹಣದಿಂದ ಸ್ಥಾಪಿಸಿದ್ದ ನಿಧಿಯ ಮುಖಾಂತರ ಬೇರೆ ಬೇರೆ ದೇಶಗಳ ಸಹಕಾರದ ಕೆಲಸಕ್ಕೆ ನೆರವಾದರು. ಎಪ್ಪತ್ತು ದಾಟಿದ ಮೇಲೆ ವಿಮಾನ ನಡಿಸುವದನ್ನೂ ಕಲಿತರು. ೧೯೩೨ನೇ ಇಸವಿ ಮಾರ್ಚ್ ೨೬ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಸುಟ್ಟ ಕಾರ್ಖಾನೆಗಳಲ್ಲಿ ಅನೇಕವುಗಳನ್ನು ಹಳ್ಳಿಯವರು ತಿರುಗಿ ಕಟ್ಟಿದರು. ೧೯೨೭ರಿಂದ ಸ್ವತಂತ್ರ ಐರ್ಲೆಂಡಿನ ಸರಕಾರವು ಖಾಸಗಿ ಕಾರ್ಖಾನೆಗಳನ್ನು ಕೊಂಡು ಹಲವನ್ನು ರೈತರ ಸಂಘಗಳಿಗೆ ವಹಿಸಿಕೊಡುವ ಏರ್ಪಾಡನ್ನು ಮಾಡಿತು. ಕಾಲಕ್ರಮದಲ್ಲಿ ಸಣ್ಣ ಸಂಘಗಳು ಸೇರಿ ದೊಡ್ಡ ಸಂಘಗಳಾದವು. ಆ ದೇಶದ ಹಾಲಿನ ಬಹುಭಾಗವು ಇಂದಿಗೂ ರೈತರ ಸಂಘಗಳಿಗೆ, ಇಲ್ಲವೆ ಅವುಗಳಿಂದ ಬೆಳೆದ ಸಂಸ್ಥೆಗಳಿಗೆ ಹೋಗುವದು.

ನಮ್ಮ ಕನ್ನಡ ನಾಡಿನಲ್ಲಿ ಸಹಕಾರದ ಬೀಜವು ೧೯೦೫ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ, ಸಾಲದ ಸಂಘದ ರೂಪದಲ್ಲಿ, ಬಿತ್ತಲ್ಪಟ್ಟಿತು. ಹಾಲಿನ ಸಹಕಾರವು ೧೯೪೬ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಬೇರೂರಿತು; ೧೯೭೪ರಿಂದ ಆ ಮಾದರಿಯು ನಮ್ಮ ಹಳ್ಳಿಗಳಿಗೂ ಬಂತು. ಇದು ಪ್ಲಂಕೆಟರ ಕೈಯಿಂದ ಆಯಿತೆಂದು ನಾವು ಹೇಳುವದಿಲ್ಲ. ಆದರೆ ಅದೇ ಕ್ರಮ, ಅದೇ ಕಷ್ಟ. ಇಂದು ಹಾಲಿನ ಸಂಘದ ಬಾಗಲಲ್ಲಿ ಧಣಿಯ ಕೇನೂ ಕೂಲಿಯವಳ ತಂಬಿಗೆಯೂ ಒಂದೇ ಸಾಲಿನಲ್ಲಿ ನಿಲ್ಲುವವು; ಇಬ್ಬರ ಹಾಲೂ ಒಂದೇ ಅಳತೆಯಿಂದ ಪರೀಕ್ಷಿಸಲ್ಪಟ್ಟು ಒಂದೇ ಪಾತ್ರೆಗೆ ಬೀಳುವದು. ಆ ಸಾಲು ತಾನಾಗಿ ಉಂಟಾದದ್ದಲ್ಲ. ಒಬ್ಬನು ನೀರು ಬೆರಸಿದರೆ, ಒಬ್ಬ ಗುಮಾಸ್ತನು ಲೆಕ್ಕ ತಪ್ಪಿಸಿದರೆ, ಒಂದು ಪಕ್ಷದವರು ಸಂಘವನ್ನು ತಮ್ಮ ಮನೆಯದೆಂದು ಎಣಿಸಿದರೆ, ಕಾರ್ಖಾನೆಗೆ ಬೆಂಕಿ ಹಚ್ಚುವ ಅಗತ್ಯವೇ ಇಲ್ಲ; ಅದು ತಾನಾಗಿ ನಂದಿಹೋಗುವದು. ಆದಕಾರಣ ವಾಚಕರಲ್ಲಿ ಹಾಲಿನ ಸಂಘಕ್ಕೆ ಸೇರಿದವರು ವರ್ಷಕ್ಕೊಮ್ಮೆ ನಡೆಯುವ ಸದಸ್ಯರ ಸಭೆಗೆ ತಪ್ಪದೆ ಹೋಗಿ, ಲೆಕ್ಕವನ್ನು ಕೇಳಿ ತಿಳಿದುಕೊಂಡು, ಮನೆಯಲ್ಲಿ ಹಸುವನ್ನು ಸಾಕುವವಳು ಹೆಂಡತಿಯಾಗಿದ್ದರೆ ಅವಳ ಹೆಸರನ್ನೇ ಪುಸ್ತಕದಲ್ಲಿ ಬರಸಬೇಕೆಂದು ನಾವು ಬಿನ್ನವಿಸುತ್ತೇವೆ.